ಲಂಡನ್ ಪ್ರವಾಸಿಯ ಪ್ರಶ್ನೆ: ಟ್ಯಾಕ್ಸಿಯೋ, ಟ್ಯೂಬೋ?

2025ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಲಂಡನ್ನಿಗೆ ಬಂದಿಳಿದ ಪ್ರವಾಸಿಗರಿಗೆ ಆ ನಗರದ ಬೇರೊಂದು ಮುಖದ ಪರಿಚಯವಾಯಿತು. ರೈಲು ನೌಕರರ ಸಂಘಟನೆಯಾದ ಆರ್‌ಎಂಟಿ ನೀಡಿದ ಮುಷ್ಕರದ ಕರೆಯಿಂದಾಗಿ ಸೆ. 8ರಿಂದ 11ರವರೆಗೆ ನಾಲ್ಕು ದಿನ ಅಲ್ಲಿನ ಸುರಂಗ ರೈಲು ಸಂಚಾರ ಹೆಚ್ಚುಕಡಿಮೆ ಸಂಪೂರ್ಣ ನಿಂತುಹೋಯಿತು. ವಾರಕ್ಕೆ 35 ಗಂಟೆಗಳಿರುವ ದುಡಿಮೆಯನ್ನು 32 ಗಂಟೆಗೆ ಇಳಿಸಬೇಕೆಂಬುದು ಸಂಘಟನೆಯ ಬೇಡಿಕೆಗಳಲ್ಲಿ ಮುಖ್ಯವಾದುದು. ಶೇ. 3.4ರ ವೇತನ ಏರಿಕೆಗಿಂತ ಮುಂದೆ ಹೋಗಲು ನಗರ ಸಾರಿಗೆ ಸಂಸ್ಥೆ ಒಪ್ಪಲಿಲ್ಲ. ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ರಸ್ತೆಗಳಲ್ಲಿ ವಾಹನಗಳು ಆಮೆಯ ನಡಿಗೆಯಲ್ಲಿ ತೆವಳಿದವು. ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ ಸಂಗೀತ ಕಾರ್ಯಕ್ರಮಗಳ ದಿನಾಂಕಗಳನ್ನೇ ಬದಲಾಯಿಸಬೇಕಾಯಿತು.

ದಿನಕ್ಕೆ 50 ಲಕ್ಷದವರೆಗೆ ಪ್ರಯಾಣಗಳನ್ನು ಹೊರಬಲ್ಲ ಒಂದು ವ್ಯವಸ್ಥೆ ಮಲಗಿದರೆ ಟ್ಯಾಕ್ಸಿಗಳು ಆ ಜಾಗವನ್ನು ತುಂಬಲಾರವು ಎಂಬುದನ್ನು ಆ ನಾಲ್ಕು ದಿನಗಳು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟವು. ಆದರೆ ಮುಷ್ಕರವಿಲ್ಲದ ದಿನಗಳಲ್ಲಿಯೂ ಪ್ರವಾಸಿಗನ ಮುಂದೆ ಇದೇ ಪ್ರಶ್ನೆ ನಿಂತಿರುತ್ತದೆ. ಪರಸ್ಥಳದಲ್ಲಿ, ಕೈಯಲ್ಲಿ ಸೂಟ್‌ಕೇಸು ಹಿಡಿದು, ದಿಕ್ಕು ತಿಳಿಯದೆ ನಿಂತಾಗ ಟ್ಯಾಕ್ಸಿಯನ್ನು ಕೂಗುವುದು ಲೇಸೋ, ರೈಲು ಬಸ್ಸುಗಳ ಜಾಡನ್ನು ಕಲಿಯುವುದು ಲೇಸೋ? ಮೇಲ್ನೋಟಕ್ಕೆ ಇದು ಸುಖ ಮತ್ತು ಮಿತವ್ಯಯಗಳ ನಡುವಣ ಆಯ್ಕೆಯಂತೆ ಕಾಣುತ್ತದೆ. ಲಂಡನ್ನಿನ ಮಟ್ಟಿಗೆ ಅದು ಅಷ್ಟು ಸರಳವಲ್ಲ.

ವಿಮಾನ ನಿಲ್ದಾಣದ ಲೆಕ್ಕಾಚಾರ

ಬೆಂಗಳೂರಿನಿಂದ ಹತ್ತು ಗಂಟೆಗೂ ಮೀರಿದ ಪ್ರಯಾಣ ಮುಗಿಸಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗನ ಮನಸ್ಸಿನಲ್ಲಿ ಒಂದು ಅಭ್ಯಾಸ ಬೇರೂರಿರುತ್ತದೆ. ವಿಮಾನ ನಿಲ್ದಾಣವೆಂದರೆ ಟ್ಯಾಕ್ಸಿ ಎಂಬ ಅಭ್ಯಾಸ. ಇದಕ್ಕೆ ಕಾರಣವೂ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. 2025 ಮುಗಿದರೂ ಅಲ್ಲಿಗೆ ಮೆಟ್ರೊ ತಲುಪಿರಲಿಲ್ಲ. ಬಿಎಂಟಿಸಿಯ ವಾಯುವಜ್ರ ಬಸ್ಸುಗಳಿದ್ದರೂ ಅನುಕೂಲವುಳ್ಳ ಬಹುತೇಕರು ಟ್ಯಾಕ್ಸಿಯನ್ನೇ ನೆಚ್ಚಿಕೊಂಡಿದ್ದಾರೆ.

ಹೀಥ್ರೂವಿನ ಸಂಗತಿ ಬೇರೆ. ಅಲ್ಲಿಂದ ನಗರ ಮಧ್ಯಕ್ಕೆ ಮೂರು ಬಗೆಯ ರೈಲುಗಳಿವೆ. 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ಪಿಕಡಿಲಿ ಮಾರ್ಗದ ಸುರಂಗ ರೈಲಿನಲ್ಲಿ ನಗರ ಮಧ್ಯಕ್ಕೆ 5.80 ಪೌಂಡ್, 2022ರ ಮೇ 24ರಂದು ಆರಂಭವಾದ ಎಲಿಜಬೆತ್ ಮಾರ್ಗದಲ್ಲಿ 13.90 ಪೌಂಡ್. ಮೂರನೆಯದಾದ ಹೀಥ್ರೂ ಎಕ್ಸ್‌ಪ್ರೆಸ್ ಕೇವಲ 15 ನಿಮಿಷಗಳಲ್ಲಿ ಪ್ಯಾಡಿಂಗ್ಟನ್ ತಲುಪಿಸುತ್ತದೆ; ಮುಂಗಡ ರಿಯಾಯಿತಿ ದೊರೆಯದಿದ್ದರೆ ಅದರ ಟಿಕೆಟ್ 25 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಪಿಕಡಿಲಿ ಮಾರ್ಗ ಅಗ್ಗವಾದರೂ ನಿಧಾನ. ನಗರದ ಹೃದಯ ಸೇರಲು ಒಂದು ಗಂಟೆಯೇ ಹಿಡಿದೀತು. ಎಲಿಜಬೆತ್ ಮಾರ್ಗ ಇವೆರಡರ ನಡುವಿನದು. ಪ್ಯಾಡಿಂಗ್ಟನ್‌ಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ಗಾಡಿ ಬದಲಿಸದೆ ನಗರದ ಒಡಲಿಗೇ ಪ್ರಯಾಣ.

ಟ್ಯಾಕ್ಸಿಯ ವಿಷಯಕ್ಕೆ ಬಂದರೆ, ಮೀಟರಿನ ಕಪ್ಪು ಟ್ಯಾಕ್ಸಿಯಲ್ಲಿ ಇದೇ ದೂರಕ್ಕೆ 60 ಪೌಂಡಿಗಿಂತ ಕಡಿಮೆ ಆಗುವುದು ಅಪರೂಪ. ದಟ್ಟಣೆಯ ಹೊತ್ತಿನಲ್ಲಿ ಮೀಟರು ನೂರನ್ನು ದಾಟಿದರೂ ಅಚ್ಚರಿಯಿಲ್ಲ. ಪೌಂಡಿಗೆ 120 ರೂಪಾಯಿ ಎಂದು ಹಿಡಿದರೆ ಅದು 7,200ರಿಂದ 12,000 ರೂಪಾಯಿ. 2025ರ ದರದಲ್ಲಿ ದಂಪತಿ ಇಬ್ಬರು ಎಲಿಜಬೆತ್ ಮಾರ್ಗದಲ್ಲಿ ಹೋದರೆ 28 ಪೌಂಡ್, ಎಂದರೆ 3,400 ರೂಪಾಯಿಯೊಳಗೆ ಮುಗಿಯುತ್ತಿತ್ತು. ಪಿಕಡಿಲಿ ಮಾರ್ಗದಲ್ಲಾದರೆ 1,400 ರೂಪಾಯಿ. ಹಗಲು ಹೊತ್ತಿನಲ್ಲಿ ಟ್ಯಾಕ್ಸಿ ಬೇಗ ತಲುಪಿಸುತ್ತದೆ ಎಂಬ ಭರವಸೆಯೂ ಇಲ್ಲ. ಹೆಚ್ಚು ಹಣ ತೆತ್ತವನು ಬೇಗ ತಲುಪುತ್ತಾನೆಂಬ ಲೋಕರೂಢಿಯ ನಂಬಿಕೆ ಈ ನಗರದಲ್ಲಿ ಸುಳ್ಳಾಗುತ್ತದೆ.

ರಸ್ತೆಗೆ ಬೆಲೆ ಕಟ್ಟಿದ ನಗರ

ಇದು ಆಕಸ್ಮಿಕವಲ್ಲ. 2003ರ ಫೆಬ್ರುವರಿ 17ರಂದು ಆಗಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ನಗರ ಮಧ್ಯಕ್ಕೆ ಬರುವ ವಾಹನಗಳ ಮೇಲೆ ದಿನಕ್ಕೆ ಐದು ಪೌಂಡ್ ದಟ್ಟಣೆ ಶುಲ್ಕ ವಿಧಿಸಿದರು. ಜಗತ್ತಿನ ದೊಡ್ಡ ನಗರವೊಂದು ತನ್ನ ರಸ್ತೆಗಳಿಗೆ ಹೀಗೆ ಬೆಲೆ ಕಟ್ಟಿದ್ದು ಆಗ ದೊಡ್ಡ ಸುದ್ದಿ. ವ್ಯಾಪಾರಿಗಳು ವಿರೋಧಿಸಿದರು, ಪತ್ರಿಕೆಗಳು ಟೀಕಿಸಿದವು. ಆದರೆ ಶುಲ್ಕ ಉಳಿಯಿತು, ಏರುತ್ತಲೂ ಹೋಯಿತು. 2020ರಲ್ಲಿ ಅದು 15 ಪೌಂಡ್ ಆಯಿತು. 2026ರ ಜನವರಿ 2ರಿಂದ 18 ಪೌಂಡ್. ಹೀಗೆ ಬಂದ ಹಣವನ್ನು ಸಾರಿಗೆಗೇ ವಿನಿಯೋಗಿಸಬೇಕೆಂಬುದು ಕಾನೂನಿನ ಕಟ್ಟಳೆ. ರಸ್ತೆಯನ್ನು ಆಕ್ರಮಿಸುವವನು ತೆರಬೇಕು, ಆ ಹಣದಿಂದ ಬಸ್ಸು ಓಡಬೇಕು ಎಂಬುದು ಇದರ ಹಿಂದಿನ ತರ್ಕ.

ಕಪ್ಪು ಟ್ಯಾಕ್ಸಿಗಳಿಗೆ ಈ ಶುಲ್ಕದಿಂದ ವಿನಾಯಿತಿಯಿದೆ. ಮೊಬೈಲಿನಲ್ಲಿ ಕರೆಯುವ ಖಾಸಗಿ ಬಾಡಿಗೆ ಕಾರುಗಳಿಗೆ ಇದ್ದ ವಿನಾಯಿತಿಯನ್ನು 2019ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ಹೊರೆಯ ಒಂದು ಪಾಲು ಕೊನೆಗೆ ಪ್ರಯಾಣಿಕನ ಬಿಲ್ಲಿಗೇ ಬರುತ್ತದೆ. ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗಿ ಇಳಿಯುವುದೂ ಪುಕ್ಕಟೆಯಲ್ಲ. ಹೀಥ್ರೂವಿನಲ್ಲಿ ಪ್ರಯಾಣಿಕರನ್ನು ಇಳಿಸಿಹೋಗುವ ವಾಹನಗಳ ಮೇಲೆ 2021ರ ನವೆಂಬರ್‌ನಲ್ಲಿ ಐದು ಪೌಂಡ್ ಶುಲ್ಕ ಬಂತು. 2025ರಲ್ಲಿ ಅದು ಆರು ಪೌಂಡಿಗೆ ಏರಿತು.

ಇಷ್ಟೆಲ್ಲ ಆದರೂ ಲಂಡನ್ ರಸ್ತೆಗಳು ತೆರವಾಗಿವೆಯೇ? ಇಲ್ಲ. ಟಾಮ್‌ಟಾಮ್ ಸಂಸ್ಥೆ ಪ್ರಕಟಿಸುವ ವಾಹನ ದಟ್ಟಣೆಯ ಪಟ್ಟಿಯಲ್ಲಿ 2022ನೇ ಸಾಲಿಗೆ ಜಗತ್ತಿನ ಅತ್ಯಂತ ನಿಧಾನಗತಿಯ ನಗರ ಕೇಂದ್ರವೆಂಬ ಅಪಕೀರ್ತಿ ಲಂಡನ್ನಿಗೇ ಸಂದಿತು. ಅಲ್ಲಿ ಹತ್ತು ಕಿ.ಮೀ. ಸಾಗಲು ಸರಾಸರಿ 36 ನಿಮಿಷ 20 ಸೆಕೆಂಡ್ ಬೇಕಾಯಿತು. ಎರಡನೆಯ ಸ್ಥಾನ ಬೆಂಗಳೂರಿನದು. 29 ನಿಮಿಷ 10 ಸೆಕೆಂಡ್. 2024ರ ಪಟ್ಟಿಯಲ್ಲಿ ಬೆಂಗಳೂರು ಮೂರನೆಯದು, ಲಂಡನ್ ಐದನೆಯದು. ಒಟ್ಟಿನಲ್ಲಿ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಬೆವರಿದವನಿಗೆ ಲಂಡನ್ನಿನ ರಸ್ತೆ ಬಿಡುಗಡೆಯನ್ನೇನೂ ಕೊಡುವುದಿಲ್ಲ.

ಎರಡು ನಗರಗಳ ನಡುವಿನ ವ್ಯತ್ಯಾಸವಿರುವುದು ರಸ್ತೆಯ ಮೇಲಲ್ಲ, ರಸ್ತೆಯ ಕೆಳಗೆ. ಲಂಡನ್ನಿನಲ್ಲಿ ಮೊದಲ ಸುರಂಗ ರೈಲು ಓಡಿದ್ದು 1863ರ ಜನವರಿ 10ರಂದು. ಬೆಂಗಳೂರಿನ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು. ನೂರೈವತ್ತು ವರ್ಷಗಳ ಈ ಅಂತರವೇ ಅಲ್ಲಿನ ಪ್ರವಾಸಿಗನ ಕೈಯಲ್ಲಿರುವ ಅನುಕೂಲ. ಅದನ್ನು ಬಳಸದೆ ಮೇಲೆ ನಿಂತ ವಾಹನಗಳ ಸಾಲಿಗೆ ಸೇರುವುದು ಹಣ ಕೊಟ್ಟು ಬೆಂಗಳೂರನ್ನೇ ಕೊಂಡಂತೆ.

ಟ್ಯಾಕ್ಸಿಯಲ್ಲೂ ಎರಡು ಜಾತಿ

ಲಂಡನ್ನಿನಲ್ಲಿ ಟ್ಯಾಕ್ಸಿ ಎಂಬ ಒಂದೇ ಪದದಡಿ ಎರಡು ಬೇರೆಬೇರೆ ವ್ಯವಸ್ಥೆಗಳಿವೆ ಎಂಬುದು ಬಹಳ ಪ್ರವಾಸಿಗರಿಗೆ ತಿಳಿದಿರುವುದಿಲ್ಲ. ರಸ್ತೆಯಲ್ಲಿ ಕೈಯೆತ್ತಿ ನಿಲ್ಲಿಸಬಹುದಾದದ್ದು, ನಿಲುಗಡೆಯಲ್ಲಿ ಸಾಲುಗಟ್ಟಿ ನಿಲ್ಲಬಹುದಾದದ್ದು ಕಪ್ಪು ಟ್ಯಾಕ್ಸಿ ಮಾತ್ರ. ಉಳಿದ ಬಾಡಿಗೆ ಕಾರುಗಳನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಊಬರ್ ಮೊದಲಾದವು ಸೇರುವುದು ಈ ಎರಡನೆಯ ಗುಂಪಿಗೆ. ರಾತ್ರಿ ವೇಳೆ ರಂಗಮಂದಿರದ ಹೊರಗೋ ರೈಲು ನಿಲ್ದಾಣದ ಬಾಗಿಲಲ್ಲೋ ಹತ್ತಿರ ಬಂದು ಟ್ಯಾಕ್ಸಿ ಬೇಕೇ ಎಂದು ಪಿಸುಗುಟ್ಟುವವನು ಕಾನೂನುಬಾಹಿರ ವ್ಯವಹಾರಕ್ಕೆ ಇಳಿದಿದ್ದಾನೆಂದೇ ತಿಳಿಯಬೇಕು. ಆ ಕಾರಿಗೆ ಪರವಾನಗಿಯಾಗಲಿ, ಪ್ರಯಾಣಿಕನ ಪಾಲಿಗೆ ವಿಮೆಯಾಗಲಿ ಇರುವ ಖಾತರಿ ಇಲ್ಲ.

ಕಪ್ಪು ಟ್ಯಾಕ್ಸಿಯ ಚಾಲಕನಾಗುವುದು ಸುಲಭದ ಮಾತಲ್ಲ. ‘ನಾಲೆಡ್ಜ್’ ಎಂದೇ ಹೆಸರಾದ ಪರೀಕ್ಷೆಯೊಂದು 1865ರಿಂದ ನಡೆದುಬಂದಿದೆ. ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿ ವಲಯದ ಸುಮಾರು 25,000 ಬೀದಿಗಳನ್ನೂ 320 ಹಾದಿಗಳನ್ನೂ ಬಾಯಿಪಾಠ ಒಪ್ಪಿಸಬೇಕು. ಇದಕ್ಕೆ ಮೂರು ನಾಲ್ಕು ವರ್ಷಗಳ ಸಾಧನೆ ಬೇಕು. ಮೊಬೈಲಿನ ನಕ್ಷೆ ಎಲ್ಲರ ಕೈಗೂ ಬಂದ ಕಾಲದಲ್ಲಿ ಈ ವಿದ್ಯೆಯ ಮೌಲ್ಯ ಏನೆಂಬ ಪ್ರಶ್ನೆ ಸಹಜ. 2012ರಲ್ಲಿ ಲಂಡನ್ನಿಗೆ ಕಾಲಿಟ್ಟ ಊಬರ್ ಆ ಪ್ರಶ್ನೆಯನ್ನು ಬೀದಿಗೇ ತಂದಿತು. ದಶಕದ ಹಿಂದೆ 22 ಸಾವಿರಕ್ಕೂ ಮಿಕ್ಕಿದ್ದ ಕಪ್ಪು ಟ್ಯಾಕ್ಸಿಗಳ ಸಂಖ್ಯೆ 15 ಸಾವಿರದ ಆಸುಪಾಸಿಗೆ ಕುಸಿದಿದೆ. ಖಾಸಗಿ ಬಾಡಿಗೆ ಕಾರುಗಳ ಪರವಾನಗಿ ಪಡೆದ ಚಾಲಕರೋ ಲಕ್ಷವನ್ನು ಮೀರಿದ್ದಾರೆ.

ಆದರೆ ಅಗ್ಗದ ಕಾರಿನ ಕಥೆಗೂ ಇನ್ನೊಂದು ಮಗ್ಗುಲಿದೆ. ಊಬರ್‌ಗೆ ಪರವಾನಗಿ ನವೀಕರಿಸಲು ನಗರ ಸಾರಿಗೆ ಸಂಸ್ಥೆ 2017ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ನಿರಾಕರಿಸಿತು. ಬೇರೆಯವರ ಖಾತೆಯಲ್ಲಿ ಅನಧಿಕೃತ ಚಾಲಕರು ಕನಿಷ್ಠ 14,000 ಪ್ರಯಾಣಗಳನ್ನು ನಡೆಸಿದ್ದಾರೆಂಬುದು 2019ರಲ್ಲಿ ಸಂಸ್ಥೆ ನೀಡಿದ ಕಾರಣಗಳಲ್ಲಿ ಒಂದು. ಕಂಪನಿ ಸುಧಾರಣೆಗಳನ್ನು ತಂದ ಬಳಿಕ 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅದರ ಪರ ತೀರ್ಪಿತ್ತಿತು. ಮರುವರ್ಷ, 2021ರ ಫೆಬ್ರುವರಿಯಲ್ಲಿ, ಈ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕನಿಷ್ಠ ವೇತನ ಮತ್ತು ರಜೆಯ ಹಕ್ಕುಳ್ಳ ಕೆಲಸಗಾರರು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸಾರಿತು. ಅಗ್ಗದ ದರದ ಒಂದು ಭಾಗ ಅದುವರೆಗೆ ಚಾಲಕನ ಜೇಬಿನಿಂದಲೇ ಬರುತ್ತಿತ್ತೆಂಬುದನ್ನು ಆ ತೀರ್ಪು ಬಯಲು ಮಾಡಿತು. ಬೇಡಿಕೆ ಏರಿದಾಗ ದರವೂ ಏರುವ ಪದ್ಧತಿಯಿಂದಾಗಿ ಮಳೆ, ಮುಷ್ಕರ, ನಡುರಾತ್ರಿಗಳಲ್ಲಿ ಆ ಅಗ್ಗವೂ ಉಳಿಯುವುದಿಲ್ಲ.

ಒಂದು ಕಾರ್ಡು, ಇಡೀ ನಗರ

ಇನ್ನು ಸಾರ್ವಜನಿಕ ಸಾರಿಗೆ. ಭಾಷೆ, ಚಿಲ್ಲರೆ, ಟಿಕೆಟ್ ಕಿಟಕಿಗಳ ಭಯವೇ ಪ್ರವಾಸಿಗನನ್ನು ಟ್ಯಾಕ್ಸಿಯತ್ತ ತಳ್ಳುತ್ತಿದ್ದ ಕಾಲವೊಂದಿತ್ತು. 2003ರಲ್ಲಿ ಬಂದ ಆಯ್‌ಸ್ಟರ್ ಕಾರ್ಡು ಆ ಭಯವನ್ನು ತಗ್ಗಿಸಿತು. 2012ರ ಕೊನೆಯಲ್ಲಿ ಬಸ್ಸುಗಳಲ್ಲಿ, 2014ರಲ್ಲಿ ರೈಲುಗಳಲ್ಲಿ ಬ್ಯಾಂಕಿನ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಪ್ರಯಾಣಿಸುವ ಏರ್ಪಾಡು ಬಂತು. 2014ರ ಜುಲೈಯಿಂದ ಬಸ್ಸುಗಳಲ್ಲಿ ನಗದು ಸ್ವೀಕರಿಸುವುದನ್ನೇ ನಿಲ್ಲಿಸಲಾಗಿದೆ. ನಿರ್ವಾಹಕನಿಗೆ ಚಿಲ್ಲರೆ ಕೊಡುವ ಪ್ರಮೇಯವೇ ಅಲ್ಲಿಲ್ಲ.

ಈ ಪದ್ಧತಿಯ ಸೊಬಗು ಇರುವುದು ಅದರ ದೈನಿಕ ಮಿತಿಯಲ್ಲಿ. 2025ರ ದರದಂತೆ ನಗರ ಮಧ್ಯದ ಒಂದು ಮತ್ತು ಎರಡನೆಯ ವಲಯಗಳಲ್ಲಿ ದಿನವಿಡೀ ಎಷ್ಟೇ ಸಲ ರೈಲು ಬಸ್ಸು ಹತ್ತಿಳಿದರೂ 8.90 ಪೌಂಡಿಗಿಂತ ಹೆಚ್ಚು ಕಡಿತವಾಗುತ್ತಿರಲಿಲ್ಲ. ಬರಿಯ ಬಸ್ಸಿನಲ್ಲೇ ಓಡಾಡಿದರೆ ಒಂದು ಪ್ರಯಾಣಕ್ಕೆ 1.75 ಪೌಂಡ್, ದಿನಕ್ಕೆ ಗರಿಷ್ಠ 5.25 ಪೌಂಡ್. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನು ಹತ್ತಿದರೆ ಮತ್ತೆ ಹಣವಿಲ್ಲ. ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿಯೂ ಇದೆ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ಸು ಮತ್ತು ಸುರಂಗ ರೈಲು ಉಚಿತ. ಪ್ರತಿ ವರ್ಷ ದರಗಳು ಪರಿಷ್ಕರಣೆಯಾಗುತ್ತಿದ್ದರೂ ಈ ಚೌಕಟ್ಟು ಹಾಗೆಯೇ ಉಳಿದುಬಂದಿದೆ.

ಹೊಸಬರು ಎಡವುವ ಕೆಲವು ಕಲ್ಲುಗಳೂ ಈ ಹಾದಿಯಲ್ಲಿವೆ. ಗಂಡ ಹೆಂಡತಿ ಒಂದೇ ಕಾರ್ಡು ತಾಗಿಸಿ ಒಟ್ಟಿಗೆ ಪ್ರಯಾಣಿಸುವಂತಿಲ್ಲ. ತಲೆಗೊಂದು ಕಾರ್ಡು ಬೇಕೇ ಬೇಕು. ಬೆಳಿಗ್ಗೆ ಕಾರ್ಡು ತಾಗಿಸಿ, ಸಂಜೆ ಅದೇ ಖಾತೆಯ ಮೊಬೈಲು ತಾಗಿಸಿದರೆ ಯಂತ್ರ ಇಬ್ಬರು ಪ್ರಯಾಣಿಕರೆಂದು ಎಣಿಸುತ್ತದೆ, ದೈನಿಕ ಮಿತಿಯ ಲಾಭ ತಪ್ಪುತ್ತದೆ. ರೈಲಿನಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ತಾಗಿಸಬೇಕು. ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಸಾಕು. ಭಾರತದ ಬ್ಯಾಂಕಿನ ಕಾರ್ಡಿಗೆ ವಿದೇಶಿ ವಿನಿಮಯದ ಶುಲ್ಕ ಬೀಳುವ ಸಾಧ್ಯತೆಯಿರುವುದರಿಂದ ದೀರ್ಘ ಕಾಲ ಇರುವವರಿಗೆ ಆಯ್‌ಸ್ಟರ್ ಕಾರ್ಡೇ ವಾಸಿ.

ಸುರಂಗ ರೈಲಿನ ನಕ್ಷೆಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಹ್ಯಾರಿ ಬೆಕ್ 1931ರಲ್ಲಿ ರಚಿಸಿ 1933ರಲ್ಲಿ ಜನರ ಕೈಸೇರಿದ ಆ ಪ್ರಸಿದ್ಧ ನಕ್ಷೆ ನಿಲ್ದಾಣಗಳ ಅನುಕ್ರಮವನ್ನು ತೋರಿಸುತ್ತದೆಯೇ ಹೊರತು ದೂರವನ್ನಲ್ಲ. ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವಿನ ಅಂತರ ಸುಮಾರು 260 ಮೀಟರ್. ನಕ್ಷೆಯನ್ನು ನಂಬಿ ಮೂರು ಪೌಂಡಿನ ಹತ್ತಿರ ತೆತ್ತು ಅಲ್ಲಿ ರೈಲು ಹತ್ತುವವರಿಗೆ ಕೊರತೆಯಿಲ್ಲ. ನಡೆದರೆ ಐದು ನಿಮಿಷ, ಹಣವೂ ಇಲ್ಲ. ಟ್ಯಾಕ್ಸಿಯೋ ರೈಲೋ ಎಂಬ ಚರ್ಚೆಯಲ್ಲಿ ಮೂರನೆಯ ಉತ್ತರವಾದ ಕಾಲ್ನಡಿಗೆಯನ್ನು ಮರೆಯುವುದು ಸಲ್ಲದು.

ಮೆಟ್ಟಿಲುಗಳ ಮುಂದೆ

ಹಾಗೆಂದು ಸಾರ್ವಜನಿಕ ಸಾರಿಗೆಯೇ ಸರ್ವರೋಗಕ್ಕೂ ಮದ್ದು ಎನ್ನುವುದು ಅತಿಶಯೋಕ್ತಿಯಾದೀತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಗೆದ ಸುರಂಗಗಳು ಮೊಣಕಾಲು ನೋವಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವಲ್ಲ. ಸುರಂಗ ರೈಲಿನ 272 ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತದೆ ಹೋಗಿಬರಬಹುದಾದವು ಮೂರರಲ್ಲೊಂದು ಪಾಲು ಮಾತ್ರ. ಕೋವೆಂಟ್ ಗಾರ್ಡನ್ ನಿಲ್ದಾಣದ ಸುರುಳಿ ಮೆಟ್ಟಿಲುಗಳ ಸಂಖ್ಯೆ 193. ತಿಳಿಯದೆ ಏರತೊಡಗಿದವರು ನಡುವೆ ಉಸಿರುಗಟ್ಟಿ ನಿಲ್ಲುವುದುಂಟು. ಬೇಸಿಗೆಯಲ್ಲಿ ಸೆಂಟ್ರಲ್ ಮತ್ತು ಬೇಕರ್ಲೂ ಮಾರ್ಗಗಳ ಬೋಗಿಗಳಲ್ಲಿ ಹವಾನಿಯಂತ್ರಣವಿಲ್ಲದೆ ಸೆಕೆ ತಾಳಲಾಗುವುದಿಲ್ಲ. ರಾತ್ರಿಯಿಡೀ ರೈಲು ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಕೆಲವೇ ಮಾರ್ಗಗಳಲ್ಲಿ. ಉಳಿದ ರಾತ್ರಿಗಳಲ್ಲಿ ಬಸ್ಸೇ ಗತಿ.

ಇಲ್ಲಿಯೇ ಕಪ್ಪು ಟ್ಯಾಕ್ಸಿಯ ನಿಜವಾದ ಸ್ಥಾನ ಗೋಚರಿಸುತ್ತದೆ. 2000ದಿಂದಲೂ ಈ ಟ್ಯಾಕ್ಸಿಗಳೆಲ್ಲವೂ ಗಾಲಿಕುರ್ಚಿಯನ್ನು ಒಳಗೊಳ್ಳುವಂತಿರಬೇಕೆಂಬ ನಿಯಮವಿದೆ. ಬಸ್ಸುಗಳಿಗೆ ಮೀಸಲಾದ ಪಥಗಳ ಬಹುಭಾಗದಲ್ಲಿ ಅವು ಓಡಬಲ್ಲವು. 2016ರಿಂದ ಎಲ್ಲ ಟ್ಯಾಕ್ಸಿಗಳಲ್ಲೂ ಕಾರ್ಡು ಸ್ವೀಕರಿಸಲೇಬೇಕು. 2018ರಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿಗಳು ಹೊಗೆಯುಗುಳದೆ ಓಡುವ ಸಾಮರ್ಥ್ಯ ಹೊಂದಿರಬೇಕು. ಅನಾರೋಗ್ಯ, ಅಂಗವೈಕಲ್ಯ, ನಡುರಾತ್ರಿ, ಮೂರು ನಾಲ್ಕು ಸೂಟ್‌ಕೇಸು, ಇವುಗಳ ಮುಂದೆ ಹಣದ ಲೆಕ್ಕ ಹಿಂದೆ ಸರಿಯುವುದು ನ್ಯಾಯವೇ.

ತಲೆಗಳ ಲೆಕ್ಕವೂ ಇದೆ. ಒಂದು ಮೈಲಿಯ ಪ್ರಯಾಣಕ್ಕೆ ಕಪ್ಪು ಟ್ಯಾಕ್ಸಿಯಲ್ಲಿ ಹತ್ತು ಪೌಂಡಿನ ಆಸುಪಾಸು ಆಗುತ್ತದೆ. ನಾಲ್ವರು ವಯಸ್ಕರು ಅದೇ ದೂರವನ್ನು ಸುರಂಗ ರೈಲಿನಲ್ಲಿ ಕ್ರಮಿಸಿದರೆ ಆಗುವ ವೆಚ್ಚವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ತುಂಬಿದ ಕುಟುಂಬಕ್ಕೆ ಚಿಕ್ಕ ದೂರದ ಟ್ಯಾಕ್ಸಿ ದುಂದಲ್ಲ. ದೂರ ಹೆಚ್ಚಿದಂತೆ, ತಲೆ ಕಡಿಮೆಯಾದಂತೆ ತಕ್ಕಡಿ ರೈಲಿನತ್ತ ವಾಲುತ್ತದೆ. ಒಂಟಿ ಪ್ರವಾಸಿ ಹಗಲು ಹೊತ್ತಿನಲ್ಲಿ ನಗರ ಮಧ್ಯದಲ್ಲಿ ಟ್ಯಾಕ್ಸಿ ಹಿಡಿಯುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಆರು ತಿಂಗಳ ಅತಿಥಿಗಳು

ಈ ಚರ್ಚೆ ಅತ್ಯಂತ ಆಳವಾಗಿ ತಟ್ಟುವುದು ನಾಲ್ಕು ದಿನದ ಪ್ರವಾಸಿಗನನ್ನಲ್ಲ. ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಮುಖ ನೋಡಲೆಂದೋ ಮೈಸೂರಿನಿಂದ, ಹುಬ್ಬಳ್ಳಿಯಿಂದ, ಉಡುಪಿಯಿಂದ ಬಂದು, ಸಂದರ್ಶಕ ವೀಸಾದ ಗರಿಷ್ಠ ಅವಧಿಯಾದ ಆರು ತಿಂಗಳನ್ನು ಲಂಡನ್ನಿನ ಹೊರವಲಯದ ಮನೆಯೊಂದರಲ್ಲಿ ಕಳೆಯುವ ತಂದೆ ತಾಯಂದಿರನ್ನು. ಊರಿನಲ್ಲಿ ಬೆಳಗಿನ ವಾಕಿಂಗು, ದೇವಸ್ಥಾನ, ತರಕಾರಿ ಮಾರುಕಟ್ಟೆ, ಗೆಳೆಯರ ಕಟ್ಟೆ ಎಂದು ತಮ್ಮ ಕಾಲ ಮೇಲೆ ತಾವು ನಿಂತಿದ್ದವರು ಇವರು. ಲಂಡನ್ನಿಗೆ ಬಂದೊಡನೆ ಅವರ ಓಡಾಟ ಮಗನ ಬಿಡುವಿಗೂ ಅವನ ಮೊಬೈಲಿನ ಟ್ಯಾಕ್ಸಿಗೂ ಅಡವಾಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಮನೆಯೇ ಜಗತ್ತು.

ಟ್ಯಾಕ್ಸಿಯಲ್ಲಿ ಕಳುಹಿಸಿಕೊಡುವುದು ಅಕ್ಕರೆಯೆಂದೇ ಮಕ್ಕಳು ಭಾವಿಸುತ್ತಾರೆ. ಅಪ್ಪನಿಗೆ ಉಚ್ಚಾರಣೆ ತಿಳಿಯದು, ಅಮ್ಮ ದಾರಿ ತಪ್ಪಿಯಾಳು ಎಂಬ ಆತಂಕವೂ ಸುಳ್ಳಲ್ಲ. ಆದರೆ ಒಂದು ಸುತ್ತಿಗೆ ನಾಲ್ಕು ಸಾವಿರ ರೂಪಾಯಿ ಮಗನ ಖಾತೆಯಿಂದ ಹೋಗುತ್ತದೆಂದು ತಿಳಿದ ತಂದೆ ಎರಡನೆಯ ಸಲ ಹೊರಗೆ ಹೋಗುವ ಮಾತನ್ನೇ ಎತ್ತುವುದಿಲ್ಲ. ಮೊಣಕಾಲು ನೋಯುತ್ತಿದೆ, ಚಳಿ ಇದೆ, ಇನ್ನೊಮ್ಮೆ ನೋಡೋಣ ಎಂದುಬಿಡುತ್ತಾರೆ. ಕಾಳಜಿಯ ಹೆಸರಿನಲ್ಲಿ ಬಂದ ಟ್ಯಾಕ್ಸಿ ಹೀಗೆ ಮನೆಯ ಬಾಗಿಲಿಗೆ ಅಗುಳಿಯಾಗುತ್ತದೆ.

ಇದಕ್ಕೆ ಲಂಡನ್ನಿನ ಕೆಂಪು ಬಸ್ಸು ಉತ್ತರವಾಗಬಲ್ಲದು. ಅಲ್ಲಿನ ಬಸ್ಸುಗಳೆಲ್ಲ ತಗ್ಗು ಪಾಟಿಯವು. ಗಾಲಿಕುರ್ಚಿ ಏರಲು ಇಳಿಜಾರು ಹಲಗೆಯಿದೆ. ಮುಂದಿನ ನಿಲ್ದಾಣದ ಹೆಸರನ್ನು ಧ್ವನಿಯಲ್ಲಿ ಹೇಳಲಾಗುತ್ತದೆ, ಫಲಕದಲ್ಲಿಯೂ ತೋರಿಸಲಾಗುತ್ತದೆ. ಸುರಂಗಕ್ಕೆ ಇಳಿಯುವ ಗೋಜಿಲ್ಲ, ಮೆಟ್ಟಿಲಿಲ್ಲ, ದಾರಿ ತಪ್ಪಿದರೆ ಎದುರು ದಿಕ್ಕಿನ ಬಸ್ಸು ಹತ್ತಿದರಾಯಿತು. ದಿನವಿಡೀ ಸುತ್ತಿದರೂ 2025ರ ದರದಲ್ಲಿ ಒಬ್ಬರಿಗೆ 630 ರೂಪಾಯಿ ಮೀರದು. 15ನೇ ಸಂಖ್ಯೆಯ ಬಸ್ಸು ಟ್ರಫಾಲ್ಗರ್ ಚೌಕ, ಸೇಂಟ್ ಪಾಲ್ಸ್ ಕೆಥೆಡ್ರಲ್ ದಾಟಿ ಟವರ್ ಆಫ್ ಲಂಡನ್ ಕಡೆಗೆ ಸಾಗುತ್ತದೆ. 24ನೇ ಸಂಖ್ಯೆಯದು ಹ್ಯಾಂಪ್‌ಸ್ಟೆಡ್ ಬಯಲಿನಿಂದ ಹೊರಟು ಸಂಸತ್ ಭವನದ ಮುಂದೆ ಹಾಯ್ದು ಪಿಮ್ಲಿಕೊ ಸೇರುತ್ತದೆ. ಪ್ರವಾಸಿ ಬಸ್ಸುಗಳು ಹತ್ತಾರು ಪೌಂಡ್ ಪಡೆದು ತೋರಿಸುವ ಬಹುಭಾಗವನ್ನು ಇವುಗಳ ಮೇಲಂತಸ್ತಿನ ಮುಂದಿನ ಆಸನವೇ ತೋರಿಸುತ್ತದೆ.

ಅರವತ್ತು ದಾಟಿದ ಲಂಡನ್ ನಿವಾಸಿಗಳಿಗೆ ಅಲ್ಲಿ ಉಚಿತ ಪ್ರಯಾಣದ ಸೌಲಭ್ಯವಿದೆ. ಸಂದರ್ಶಕರಿಗೆ ಅದು ಅನ್ವಯಿಸದು. ಆದರೆ ದೂರದ ಓಡಾಟಕ್ಕೆ ಎಲಿಜಬೆತ್ ಮಾರ್ಗವಿದೆ. ಆ ಮಾರ್ಗದ ಎಲ್ಲ 41 ನಿಲ್ದಾಣಗಳಲ್ಲಿಯೂ ಬೀದಿಯಿಂದ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಭಾರತೀಯ ಅಂಗಡಿಗಳಿಗೆ ಹೆಸರಾದ ಸೌತಾಲ್ ಕೂಡ ಇದೇ ಮಾರ್ಗದಲ್ಲಿದೆ. ಕೊತ್ತಂಬರಿ ಸೊಪ್ಪಿಗೂ ಕರಿಬೇವಿಗೂ ಮಗನ ಶನಿವಾರವನ್ನು ಕಾಯಬೇಕಿಲ್ಲ.

ಬಸವಣ್ಣನವರೆಗೆ ಒಂದು ಪ್ರಯಾಣ

ಲಂಡನ್ನಿಗೆ ಬಂದ ಕನ್ನಡಿಗರು ತಪ್ಪದೆ ಭೇಟಿ ನೀಡುವ ತಾಣವೊಂದು ಥೇಮ್ಸ್ ನದಿಯ ದಕ್ಷಿಣ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಕಲಬುರಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ಸ್ಥಾಪನೆಯಾದ ಬಸವೇಶ್ವರರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಬಹುಪಾಲು ಕುಟುಂಬಗಳು ಹಿರಿಯರನ್ನು ಅಲ್ಲಿಗೆ ಕಾರಿನಲ್ಲಿ ಕರೆತಂದು, ನಿಲ್ಲಿಸಲು ಜಾಗ ಸಿಗದೆ ಚಡಪಡಿಸಿ, ಚಿತ್ರ ತೆಗೆದುಕೊಂಡು ಅವಸರದಲ್ಲಿ ಮರಳುತ್ತವೆ. ವಿಕ್ಟೋರಿಯಾ ಮಾರ್ಗದ ವಾಕ್ಸಾಲ್ ನಿಲ್ದಾಣದಲ್ಲಿ ಲಿಫ್ಟ್ ಇದೆ, ಪಕ್ಕದಲ್ಲೇ ಬಸ್ ನಿಲ್ದಾಣವಿದೆ. ಅಲ್ಲಿಂದ ನದಿಯ ಅಂಚಿನಲ್ಲಿ ನಿಧಾನವಾಗಿ ನಡೆದರೆ ಪ್ರತಿಮೆಯ ಬಳಿಗೆ ತಲುಪಬಹುದು. ದಾರಿಯುದ್ದಕ್ಕೂ ಎದುರು ದಡದಲ್ಲಿ ಬ್ರಿಟನ್ನಿನ ಸಂಸತ್ತು ಕಾಣುತ್ತಿರುತ್ತದೆ. ಕಾಯಕ ಮತ್ತು ಸಮಾನತೆಯನ್ನು ಬೋಧಿಸಿದ ಶರಣನನ್ನು ಕಾಣಲು ಎಲ್ಲರೊಡನೆ ಸಮನಾಗಿ ಕುಳಿತು ಹೋಗುವ ವಾಹನಕ್ಕಿಂತ ಯೋಗ್ಯವಾದುದು ಬೇರೆ ಇರಲಾರದು.

ಟ್ಯಾಕ್ಸಿ ಮತ್ತು ಸಾರ್ವಜನಿಕ ಸಾರಿಗೆಗಳು ಪರಸ್ಪರ ವೈರಿಗಳಲ್ಲ. ಲಂಡನ್ನಿನಂತಹ ನಗರದಲ್ಲಿ ಬಸ್ಸು ರೈಲುಗಳು ನಿಯಮ, ಟ್ಯಾಕ್ಸಿ ಅಪವಾದ. ಕಾಯಿಲೆಗೆ, ಕತ್ತಲೆಗೆ, ಹೊರೆಗೆ, ಮುಷ್ಕರಕ್ಕೆ ಟ್ಯಾಕ್ಸಿ ಬೇಕು. ಅಪವಾದವನ್ನೇ ನಿಯಮ ಮಾಡಿಕೊಂಡವನು ಹಣವನ್ನೂ ಕಾಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಹಿರಿಯರ ಪಾಲಿಗೆ ಕಳೆದುಹೋಗುವುದು ಇವೆರಡಕ್ಕಿಂತ ದೊಡ್ಡದು, ತಮ್ಮಿಷ್ಟಕ್ಕೆ ಹೊರಗೆ ಹೋಗಿಬರುವ ಸ್ವಾತಂತ್ರ್ಯ.

ತಂದೆ ತಾಯಿಯನ್ನು ಕರೆಸಿಕೊಳ್ಳುವ ಮಕ್ಕಳು ಮೊದಲ ಭಾನುವಾರ ಅವರನ್ನು ಕಾರಿನಲ್ಲಿ ಕೂರಿಸಿ ನಗರ ತೋರಿಸುವುದು ವಾಡಿಕೆ. ಅದರ ಬದಲು ಇಬ್ಬರಿಗೂ ಒಂದೊಂದು ಆಯ್‌ಸ್ಟರ್ ಕಾರ್ಡು ಕೊಡಿಸಿ, ಮನೆಯ ಬಳಿಯ ನಿಲ್ದಾಣದಿಂದ ಜೊತೆಗೆ ಬಸ್ಸು ಹತ್ತಿ, ಎಲ್ಲಿ ತಾಗಿಸಬೇಕು, ಎಲ್ಲಿ ಗುಂಡಿ ಒತ್ತಬೇಕು, ಮರಳುವ ಬಸ್ಸು ಎಲ್ಲಿ ಬರುತ್ತದೆ ಎಂದು ಒಮ್ಮೆ ತೋರಿಸಿಕೊಟ್ಟರೆ ಸೋಮವಾರದ ಬೆಳಿಗ್ಗೆ ಅವರು ತಾವಾಗಿಯೇ ಬಾಗಿಲು ತೆಗೆದುಕೊಂಡು ಹೊರಡಬಲ್ಲರು.